‘ಎರಡು ಪಿಕಳಾರಗಳ ಕೂಸು’ ಕಳಿಸಿದವರಿಗೆ

ನಮಸ್ಕಾರ. ಕಾಫಿ ತೋಟದಲ್ಲಿ ತೆಗೆದ ನಾಲ್ಕು ಚಿತ್ರ, ಜೊತೆಗೆ ಲೇಖನ ತಲುಪಿವೆ. ಬರವಣಿಗೆ ಓದಿಸಿಕೊಂಡು ಹೋಗುತ್ತದೆ. ಆದರೆ ಹೀಗೇ ಹಾಕಲಾಗದು. ಚಿತ್ರದಲ್ಲಿರುವುದು ನೀವು ಹೇಳುವಂತೆ ಕೆಮ್ಮೀಸೆ ಪಿಕಳಾರವೂ (ಬುಲ್‌ಬುಲ್) ಕೆಂಪು ಕಿಬ್ಬೊಟ್ಟೆಯ ಪಿಕಳಾರವೂ ಕೂಡಿ ಹುಟ್ಟಿದ ಬೆರಕೆ ಹಕ್ಕಿಯಲ್ಲ, ಕೆಮ್ಮೀಸೆ ಪಿಕಳಾರದ ಮರಿ.

ಎರಡನೇ ಚಿತ್ರ ದೊಡ್ಡದು ಮಾಡಿ ನೋಡಿ. ಕಣ್ಣಿನ ಹಿಂದೆ ಕೆಂಪಿಲ್ಲ, ಬಾಲದಡಿ ಮಾಸಲು ಕಿತ್ತಳೆ. ನೀವು ಬೆರಕೆಯ ಗುರುತು ಎಂದದ್ದು ಇವೆರಡನ್ನೇ. ಈ ಜಾತಿಯ ಮರಿಗಳೆಲ್ಲ ಹಾಗೇ ಇರುತ್ತವೆ. ಕೊಕ್ಕಿನ ಮೂಲೆಯ ಹಳದಿ ಕೂಡ ಇನ್ನೂ ಹೋಗಿಲ್ಲ. ಕೆಂಪು ಕಿಬ್ಬೊಟ್ಟೆಯ ಪಿಕಳಾರದ ಪಾಲಿದ್ದರೆ ಎದೆಯ ಮೇಲೆ ಮೀನಿನ ಪೊರೆಯಂಥ ಗೆರೆ, ಸೊಂಟದಲ್ಲಿ ಬಿಳಿ, ಕಪ್ಪಿಟ್ಟ ಕೆನ್ನೆ ಇವುಗಳಲ್ಲಿ ಒಂದೆರಡಾದರೂ ಅರೆಬರೆಯಾಗಿ ಕಾಣಬೇಕಿತ್ತು. ನಿಮ್ಮ ಹಕ್ಕಿಯ ಕೆನ್ನೆ, ಹೊಟ್ಟೆ ಎರಡೂ ಅಚ್ಚ ಬಿಳಿ. ಇನ್ನೊಂದು ಮೋಸವೂ ಉಂಟು: ಬಣ್ಣಗೇಡಿನಿಂದ ಕೆಂಪು ಕಿಬ್ಬೊಟ್ಟೆಯ ಹಕ್ಕಿಗೆ ಅಲ್ಲಲ್ಲಿ ಬಿಳಿಗರಿ ಬರುತ್ತದೆ. ಎಡಗೆನ್ನೆಯಲ್ಲಿದ್ದು ಬಲಗೆನ್ನೆಯಲ್ಲಿ ಇಲ್ಲದ ಬಿಳಿ ಕಂಡರೆ ಮೊದಲು ಅದನ್ನೇ ಅನುಮಾನಿಸಿ. ಬೆರಕೆಯ ಗುರುತು ಎರಡೂ ಬದಿಗೆ ಸಮನಾಗಿ ಇರುತ್ತದೆ.

‘ಒಂದೇ ಬೇಲಿಯಲ್ಲಿ ಇರುವುದರಿಂದ ಕೂಡುವುದು ಸಹಜ’ ಎಂದಿದ್ದೀರಿ. ಪಂಜರದಲ್ಲಿ ಈ ಎರಡು ಕೂಡಿದ್ದುಂಟು, ನಿಜ. ಅಲ್ಲಿ ಬೇರೆ ಜೊತೆ ಸಿಕ್ಕುವುದಿಲ್ಲ. ಬೇಲಿಯಲ್ಲಿ ಸ್ವಜಾತಿಯ ಜೊತೆ ಧಾರಾಳ, ಕೂಗೂ ಬೇರೆ. ನಿಮಗೆ ಬೇಕಾದ ಉದಾಹರಣೆ ಭಾರತ ಉಪಖಂಡದ ವಾಯವ್ಯದಲ್ಲಿದೆ: ಅಲ್ಲಿ ಹಿಮಾಲಯದ ಪಿಕಳಾರವೂ ಕೆಂಪು ಕಿಬ್ಬೊಟ್ಟೆಯದೂ ಬೆರೆತು, ಬಾಲದಡಿ ಹಳದಿ-ಕಿತ್ತಳೆಯೋ ಗುಲಾಬಿಯೋ ಆದ ಹಕ್ಕಿಗಳಾಗಿವೆ. ಹಿಂದೆ ಇವಕ್ಕೆ ‘ಮಾಗ್ರಾಥಿ’ ಎಂದು ಬೇರೆ ಹೆಸರೇ ಇಟ್ಟಿದ್ದರು.

ಬೆರಕೆಗಳೆಲ್ಲ ಹೇಸರಗತ್ತೆಯ ಹಾಗೆ ಬಂಜೆ ಎನ್ನುವ ಪ್ಯಾರಾ ತೆಗೆದುಹಾಕಿ. ಬೆರಕೆ ಹಕ್ಕಿಗಳೆಲ್ಲ ಬಂಜೆಯಲ್ಲ. ಮಲ್ಲಾರ್ಡ್ ಬಾತು ಮತ್ತು ಅಮೆರಿಕದ ಕಪ್ಪು ಬಾತಿನ ಮಿಶ್ರಸಂತತಿ ಮತ್ತೆ ಮರಿ ಮಾಡುತ್ತದೆ. ಬಂಜೆತನ ಬಂದರೆ ಸಾಮಾನ್ಯವಾಗಿ ಮೊದಲು ಹೆಣ್ಣಿಗೆ. ಲಿಂಗ ನಿರ್ಧರಿಸುವ ಎರಡು ವರ್ಣತಂತುಗಳು ಬೇರೆ ಬೇರೆಯಾಗಿರುವ ಲಿಂಗಕ್ಕೇ ಬೆರಕೆಯಲ್ಲಿ ಮೊದಲು ಪೆಟ್ಟು ಎಂಬುದು ಜೀವವಿಜ್ಞಾನಿ ಹಾಲ್ಡೇನ್ 1922ರಲ್ಲಿ ಹೇಳಿದ ನಿಯಮ; ಹಕ್ಕಿಗಳಲ್ಲಿ ಅವು ಬೇರೆ ಬೇರೆ ಇರುವುದು ಹೆಣ್ಣಿಗೆ.

ಲೇಖನವನ್ನು ಆ ಎರಡನೇ ಚಿತ್ರದಿಂದಲೇ ಶುರು ಮಾಡಿ, ‘ಬೆರಕೆ ಅಂದುಕೊಂಡೆ, ಮರಿಯಾಗಿತ್ತು’ ಎಂದು. ಈಗಿನ ಮೊದಲೆರಡು ಪುಟಕ್ಕಿಂತ ಅದೇ ಗಟ್ಟಿ. ಕತ್ತರಿಸದ ಮೂಲ ಚಿತ್ರಗಳನ್ನು ತಾರೀಕು, ವೇಳೆ ಸಮೇತ ಕಳಿಸಿ. ಸೊಂಟ ಕಾಣುವ ಒಂದು ಚಿತ್ರ ಅದರಲ್ಲಿರಲಿ.