ಪ್ಲೇ ಸ್ಟೋರ್‌ನಲ್ಲಿ ತಪಾಸಣೆ ಇದ್ದರೂ ಕೆಟ್ಟ ಆ್ಯಪ್‌ಗಳು ಹೇಗೆ ನುಸುಳುತ್ತವೆ?

ತಪಾಸಣೆಯ ಹೊತ್ತಿಗೆ ಆ ಆ್ಯಪ್‌ನಲ್ಲಿ ಕೆಟ್ಟದ್ದೇನೂ ಇರುವುದಿಲ್ಲ, ಅದೇ ದೊಡ್ಡ ತೊಂದರೆ. ಟಾರ್ಚ್ ಆ್ಯಪ್ ಅಂತ ಬರುತ್ತದೆ, ಬೆಳಕನ್ನೂ ಕೊಡುತ್ತದೆ. ಜನ ಇನ್‌ಸ್ಟಾಲ್ ಮಾಡಿಕೊಂಡ ಮೇಲೆ ಅಪ್‌ಡೇಟ್ ಹೆಸರಿನಲ್ಲೋ, ತನ್ನದೇ ಸರ್ವರ್‌ನಿಂದಲೋ ಕೆಟ್ಟ ಕೋಡ್ ಇಳಿಸಿಕೊಳ್ಳುತ್ತದೆ. ಕೆಲವಂತೂ ತಪಾಸಣೆ ನಡೆಯುತ್ತಿದೆ ಅಂತ ಗೊತ್ತಾದರೆ ಸುಮ್ನೆ ಇದ್ದುಬಿಡುತ್ತವೆ.

‘ಜೋಕರ್’ ಅನ್ನುವ ಮಾಲ್‌ವೇರ್ (ಕೆಡುಕು ಮಾಡುವ ಸಾಫ್ಟ್‌ವೇರ್) ಎಸ್‌ಎಂಎಸ್‌ನಲ್ಲಿ ಬಂದ ದೃಢೀಕರಣದ ಕೋಡನ್ನು ತಾನೇ ಓದಿ, ನಮಗೆ ತಿಳಿಯದಂತೆ ದುಡ್ಡು ಕೊಡಬೇಕಾದ ಸೇವೆಗಳಿಗೆ ನಮ್ಮನ್ನು ಸೇರಿಸಿಬಿಡುತ್ತಿತ್ತು. ಈ ಜಾತಿಯ ಸುಮಾರು 1,700 ಆ್ಯಪ್‌ಗಳನ್ನು ತೆಗೆದುಹಾಕಿದ್ದಾಗಿ ಗೂಗಲ್ 2020ರಲ್ಲಿ ಹೇಳಿತು. ಒಂದನ್ನು ತೆಗೆದರೆ ಬೇರೆ ಹೆಸರಲ್ಲಿ ಇನ್ನೊಂದು ಹಾಜರ್.

ನನ್ನ ಪ್ರಕಾರ ರೇಟಿಂಗ್‌ಗಿಂತ ಅನುಮತಿಗಳನ್ನು ನೋಡುವುದು ಜಾಸ್ತಿ ಮುಖ್ಯ. ಟಾರ್ಚ್‌ಗೆ ಎಸ್‌ಎಂಎಸ್ ಯಾಕೆ ಬೇಕು, ಅಲ್ವಾ? ಅಂಗವಿಕಲರಿಗೆ ಫೋನ್ ಬಳಸಲು ನೆರವಾಗಲೆಂದು ಇರುವ ಆಕ್ಸೆಸಿಬಿಲಿಟಿ ಅನುಮತಿಯನ್ನಂತೂ ಕಾರಣವಿಲ್ಲದೆ ಕೊಡಲೇಬೇಡಿ. ಅದು ಸಿಕ್ಕರೆ ಆ್ಯಪ್ ನಿಮ್ಮ ಸ್ಕ್ರೀನ್ ಓದಿ, ನಿಮ್ಮ ಪರವಾಗಿ ಬಟನ್ ಕೂಡ ಒತ್ತಬಲ್ಲದು.