ಮುರಿದ ಮೂಳೆ ಕೂಡಿಕೊಳ್ಳುತ್ತದೆ, ಸವೆದ ಕಾರ್ಟಿಲೇಜ್ ಏಕೆ ಮತ್ತೆ ಬೆಳೆಯುವುದಿಲ್ಲ?

ನಿಮ್ಮ ಮಗನ ಮುರಿದ ಮುಂಗೈ ಮೂಳೆ ಆರು ವಾರಗಳಲ್ಲಿ ಕೂಡಿಕೊಂಡಿತು. ನಿಮ್ಮ ಮಂಡಿಯಲ್ಲಿ ಮೂಳೆಯ ತುದಿಗೆ ಹೊದಿಕೆಯಾಗಿರುವ ಕಾರ್ಟಿಲೇಜ್ ಮಾತ್ರ ಸವೆದದ್ದು ಸವೆದ ಹಾಗೆಯೇ ಎಂದು ವೈದ್ಯರು ಹೇಳಿದ್ದಾರೆ. ಕಲ್ಲಿನಂಥ ಮೂಳೆಗೆ ಸಾಧ್ಯವಾದದ್ದು ಮೆತ್ತಗಿನ ಕಾರ್ಟಿಲೇಜಿಗೆ ಏಕೆ ಆಗುವುದಿಲ್ಲ, ನಡೆದಾಡಿದರೆ ಅದು ಇನ್ನಷ್ಟು ಸವೆಯುತ್ತದೆಯೇ ಎಂದು ಕೇಳಿದ್ದೀರಿ. ನಾನು ಚಿಕಿತ್ಸೆ ಕೊಡುವವನಲ್ಲ, ಅಂಗರಚನಾಶಾಸ್ತ್ರ ಪಾಠ ಮಾಡುವವನು. ಈ ಪ್ರಶ್ನೆಯನ್ನು ಕೇಳುವ ವಿದ್ಯಾರ್ಥಿಯೊಬ್ಬ ಪ್ರತಿ ವರ್ಷವೂ ಸಿಗುತ್ತಾನೆ, ಸಿಕ್ಕಾಗಲೆಲ್ಲ ನನಗೆ ಖುಷಿಯಾಗುತ್ತದೆ.

ಉತ್ತರ ಒಂದೇ ಪದದ್ದು: ರಕ್ತ. ಮೂಳೆಯೊಳಗೆ ರಕ್ತ ಓಡಾಡುತ್ತದೆ, ಕಾರ್ಟಿಲೇಜಿನೊಳಗೆ ಓಡಾಡುವುದಿಲ್ಲ.

ಮೂಳೆ ಎಂದರೆ ಕಲ್ಲು ಎಂಬ ಭಾವನೆ ನಮಗೆ ಬಂದದ್ದು ಶಾಲೆಯ ಪ್ರಯೋಗಾಲಯದಲ್ಲಿ ನೇತುಹಾಕಿದ ಅಸ್ಥಿಪಂಜರದಿಂದ. ಅದು ಒಣಗಿದ್ದು, ಬೆಳ್ಳಗಿದ್ದು, ಸತ್ತದ್ದು. ಜೀವಂತ ಮೂಳೆ ಒದ್ದೆಯಾಗಿರುತ್ತದೆ, ನಸುಗೆಂಪಾಗಿರುತ್ತದೆ, ಕತ್ತರಿಸಿದರೆ ರಕ್ತ ಒಸರುತ್ತದೆ. ತರಗತಿಯಲ್ಲಿ ನಾನು ಒಂದು ಹಳೆಯ ಪ್ರಯೋಗ ತೋರಿಸುತ್ತೇನೆ. ಸಣ್ಣದೊಂದು ಮೂಳೆಯನ್ನು ಕೆಲವು ದಿನ ಆಮ್ಲದಲ್ಲಿ ನೆನೆಹಾಕಿದರೆ ಅದರೊಳಗಿನ ಖನಿಜ ಕರಗಿಹೋಗಿ, ಉಳಿದದ್ದು ರಬ್ಬರಿನಂತೆ ಬಾಗುತ್ತದೆ. ಅಂಥದ್ದೇ ಇನ್ನೊಂದನ್ನು ಚೆನ್ನಾಗಿ ಸುಟ್ಟರೆ ಆಕಾರ ಹಾಗೆಯೇ ಇರುತ್ತದೆ, ಆದರೆ ಬೆರಳಲ್ಲಿ ಒತ್ತಿದರೆ ಪುಡಿ. ಬಾಗಿದ್ದು ಕೊಲ್ಯಾಜೆನ್ ಎಂಬ ಪ್ರೋಟೀನಿನ ನಾರು, ಪುಡಿಯಾದದ್ದು ಕ್ಯಾಲ್ಸಿಯಂ ಮತ್ತು ಫಾಸ್ಫೇಟಿನ ಖನಿಜ. ಒಣ ಮೂಳೆಯ ತೂಕದಲ್ಲಿ ಸುಮಾರು ಮೂರನೇ ಎರಡು ಪಾಲು ಈ ಖನಿಜವೇ. ಎರಡೂ ಹೆಣೆದುಕೊಂಡಿರುವುದರಿಂದ ಮೂಳೆ ಗಾಜಿನಂತೆ ಸಿಡಿಯುವುದೂ ಇಲ್ಲ, ಹಗ್ಗದಂತೆ ಜೋಲುವುದೂ ಇಲ್ಲ.

ಈ ಗಟ್ಟಿ ಭಾಗದೊಳಗೆ ಸೂಕ್ಷ್ಮ ಕೊಳವೆಗಳ ಜಾಲವಿದೆ, ಅವುಗಳಲ್ಲಿ ರಕ್ತನಾಳಗಳಿವೆ. ಹಳೆಯ ಮೂಳೆಯನ್ನು ಕರಗಿಸುವ ಜೀವಕೋಶಗಳು ಬೇರೆ, ಹೊಸದನ್ನು ಕಟ್ಟುವವು ಬೇರೆ. ವಯಸ್ಕರ ಅಸ್ಥಿಪಂಜರದಲ್ಲಿ ವರ್ಷಕ್ಕೆ ಸುಮಾರು ಶೇಕಡಾ 10ರಷ್ಟು ಹೀಗೆ ಹೊಸದಾಗುತ್ತಿರುತ್ತದೆ. ದುರಸ್ತಿಯೇ ದಿನಚರಿಯಾಗಿರುವ ಅಂಗಾಂಶಕ್ಕೆ ಮುರಿತವೆಂದರೆ ಕೆಲಸ ಸ್ವಲ್ಪ ಹೆಚ್ಚಾಯಿತು ಅಷ್ಟೇ.

ನಿಮ್ಮ ಮಗನ ಕೈಯಲ್ಲಿ ಏನಾಯಿತು ನೋಡಿ. ಮೂಳೆಯೊಂದಿಗೆ ರಕ್ತನಾಳಗಳೂ ಹರಿದು, ಬಿರುಕಿನಲ್ಲಿ ರಕ್ತ ಹೆಪ್ಪುಗಟ್ಟಿತು. ದುರಸ್ತಿ ಮಾಡುವ ಜೀವಕೋಶಗಳು ಅಲ್ಲಿ ನೆರೆದವು. ಅವು ಮೊದಲು ಕಟ್ಟಿದ್ದು ಏನನ್ನು ಗೊತ್ತೇ? ಬಹುಮಟ್ಟಿಗೆ ಕಾರ್ಟಿಲೇಜನ್ನೇ! ಆ ಮೆತ್ತನೆಯ ಗಂಟು ಎರಡು ತುದಿಗಳನ್ನು ಹಿಡಿದುಕೊಂಡಿತು, ಆಮೇಲೆ ಅದರೊಳಕ್ಕೆ ರಕ್ತನಾಳಗಳು ನುಗ್ಗಿ ಅದನ್ನು ಮೂಳೆಯಾಗಿಸಿದವು. ಗರ್ಭದಲ್ಲಿ ನಮ್ಮ ಕೈಕಾಲುಗಳ ಮೂಳೆಗಳು ರೂಪುಗೊಂಡದ್ದೂ ಇದೇ ದಾರಿಯಲ್ಲಿ. ಉಬ್ಬಿದ ಗಂಟನ್ನು ತಿದ್ದಿ ತೀಡುವ ಕೆಲಸ ಪ್ಲಾಸ್ಟರ್ ಬಿಚ್ಚಿದ ಮೇಲೂ ತಿಂಗಳುಗಟ್ಟಲೆ ನಡೆಯುತ್ತದೆ.

ಹಾಗಾದರೆ ದೇಹಕ್ಕೆ ಕಾರ್ಟಿಲೇಜ್ ಕಟ್ಟಲು ಬರುತ್ತದೆ ಎಂದಾಯಿತು. ಮಂಡಿಯಲ್ಲಿ ಏಕೆ ಕಟ್ಟುವುದಿಲ್ಲ?

ಪಠ್ಯಪುಸ್ತಕಗಳು ಮೃದ್ವಸ್ಥಿ ಎನ್ನುವ ಈ ಕಾರ್ಟಿಲೇಜಿನಲ್ಲಿ ಬಗೆಗಳಿವೆ. ಕಿವಿಯನ್ನು ಮಡಚಿ ಬಿಟ್ಟರೆ ಸ್ವಸ್ಥಾನಕ್ಕೆ ಮರಳುತ್ತದಲ್ಲ, ಅದು ಒಂದು ಬಗೆ. ಬೆನ್ನುಮೂಳೆಗಳ ನಡುವಿನ ಬಿಲ್ಲೆಯಲ್ಲಿರುವ ನಾರುನಾರಾದದ್ದು ಇನ್ನೊಂದು. ಮಂಡಿಯ ಕೀಲಿನಲ್ಲಿ ಮೂಳೆಯ ತುದಿಗೆ ಹೊದಿಸಿದ್ದು ಮೂರನೆಯದು: ಕೆಲವೇ ಮಿಲಿಮೀಟರ್ ದಪ್ಪ, ಹೊಳಪು, ಮಂಜುಗಡ್ಡೆಯ ಮೇಲೆ ಮಂಜುಗಡ್ಡೆ ಜಾರುವುದಕ್ಕಿಂತಲೂ ನುಣುಪು. ಅದರ ಮುಕ್ಕಾಲು ಪಾಲು ನೀರು. ಕೊಲ್ಯಾಜೆನ್ ಬಲೆಯೊಳಗೆ ನೀರನ್ನು ಹಿಡಿದಿಡುವ ದೊಡ್ಡ ಅಣುಗಳಿವೆ, ಅಲ್ಲೊಂದು ಇಲ್ಲೊಂದು ಜೀವಕೋಶವಿದೆ. ರಕ್ತನಾಳವಿಲ್ಲ, ನರವೂ ಇಲ್ಲ. ಮೈಭಾರವೆಲ್ಲ ಬೀಳುವ ಜಾಗದಲ್ಲಿ ರಕ್ತನಾಳವಿದ್ದಿದ್ದರೆ ಅಪ್ಪಚ್ಚಿಯಾಗುತ್ತಿತ್ತು, ಹಾಗಾಗಿ ಈ ಏರ್ಪಾಡನ್ನು ದೋಷ ಎನ್ನಲು ನನಗೆ ಮನಸ್ಸು ಬರುವುದಿಲ್ಲ. ಆದರೆ ಬೆಲೆ ತೆರಬೇಕಾಗುತ್ತದೆ. ಗಾಯವಾದರೆ ರಕ್ತ ಹೆಪ್ಪುಗಟ್ಟುವುದಿಲ್ಲ, ದುರಸ್ತಿಯವರು ಬರಲು ದಾರಿಯಿಲ್ಲ, ಇರುವ ಜೀವಕೋಶಗಳು ತಂತಮ್ಮ ಗೂಡಿನಲ್ಲಿ ಬಂದಿಗಳು.

ಕಾರ್ಟಿಲೇಜ್ ಒಮ್ಮೆ ಹಾಳಾದರೆ ಮತ್ತೆ ಕೂಡುವುದಿಲ್ಲ ಎಂದು ಸ್ಕಾಟ್ಲೆಂಡಿನ ಅಂಗರಚನಾಶಾಸ್ತ್ರಜ್ಞ ವಿಲಿಯಂ ಹಂಟರ್ 1743ರಲ್ಲೇ ಬರೆದಿದ್ದರು. ಅದಕ್ಕೆ ವಿಚಿತ್ರವಾದ ಪುರಾವೆಯೊಂದು ನಮ್ಮ ಕಾಲದಲ್ಲಿ ಸಿಕ್ಕಿತು. 1950 ಮತ್ತು 60ರ ದಶಕಗಳ ಅಣುಬಾಂಬ್ ಪರೀಕ್ಷೆಗಳಿಂದ ಗಾಳಿಯಲ್ಲಿ ಹೆಚ್ಚಿದ ಕಾರ್ಬನ್-14 ಎಂಬ ವಿಕಿರಣಶೀಲ ಇಂಗಾಲ ಆಹಾರದ ಮೂಲಕ ಎಲ್ಲರ ದೇಹವನ್ನೂ ಸೇರಿತು. ಅದರ ಪ್ರಮಾಣವನ್ನು ಅಳೆದು ಅಂಗಾಂಶ ಯಾವಾಗ ಕಟ್ಟಿದ್ದು ಎಂದು ಹೇಳಬಹುದು. ವಯಸ್ಕರ ಮಂಡಿಯ ಕಾರ್ಟಿಲೇಜಿನ ಕೊಲ್ಯಾಜೆನ್ ಬೆಳೆಯುವ ವಯಸ್ಸಿನಲ್ಲಿ ನೇಯ್ದದ್ದೇ ಎಂದು ಅದು ತೋರಿಸಿತು.

ಶಸ್ತ್ರಚಿಕಿತ್ಸಕರು ಕೆಲವೊಮ್ಮೆ ಮೂಳೆಯಿಂದ ರಕ್ತವನ್ನು ಸಾಲ ತರುತ್ತಾರೆ. ಸಣ್ಣ ಕುಳಿ ಬಿದ್ದ ಕಡೆ ಅಡಿಯ ಮೂಳೆಗೆ ರಂಧ್ರ ಕೊರೆದರೆ ಮಜ್ಜೆಯ ರಕ್ತ ಬಂದು ಕುಳಿ ತುಂಬುತ್ತದೆ. ತುಂಬುವುದೇನೋ ನಿಜ, ಆದರೆ ಹೆಚ್ಚಾಗಿ ಬೆಳೆಯುವುದು ನಾರಿನ ಬಗೆಯದ್ದು. ತೇಪೆ ತೇಪೆಯೇ.

ನರವಿಲ್ಲದಿದ್ದರೆ ನೋವು ಎಲ್ಲಿಂದ ಎಂದು ನೀವು ಕೇಳಬಹುದು. ಅಡಿಯ ಮೂಳೆಯಿಂದ ಮತ್ತು ಕೀಲಿನ ಒಳಪೊರೆಯಿಂದ. ಸವೆತ ಶುರುವಾಗಿ ಎಷ್ಟೋ ಕಾಲ ಗೊತ್ತಾಗದಿರುವುದೂ ಇದೇ ಕಾರಣಕ್ಕೆ.

ಇನ್ನು ನಡೆದಾಟ. ನಡೆದರೆ ಸವೆಯುತ್ತದೆ ಎಂದು ಮಂಡಿಯನ್ನು ಚಕ್ರದ ಟೈರಿಗೆ ಹೋಲಿಸುವವರಿದ್ದಾರೆ, ನನಗೆ ಆ ಹೋಲಿಕೆ ಒಪ್ಪಿಗೆಯಿಲ್ಲ. ರಕ್ತವಿಲ್ಲದ ಕಾರ್ಟಿಲೇಜಿಗೆ ಆಹಾರ ಬರುವುದು ಕೀಲಿನೊಳಗಿನ ಲೋಳೆಯಂಥ ದ್ರವದಿಂದ. ಹೆಜ್ಜೆಯ ಭಾರ ಬಿದ್ದಾಗ ಸ್ಪಂಜಿನಂತೆ ನೀರು ಹೊರಕ್ಕೆ, ಭಾರ ಇಳಿದಾಗ ಒಳಕ್ಕೆ. ಎಷ್ಟು ದೂರ, ಯಾವ ವ್ಯಾಯಾಮ ಎಂಬುದನ್ನು ನಿಮ್ಮ ಮಂಡಿಯನ್ನು ಕಂಡ ವೈದ್ಯರೇ ಹೇಳಬೇಕು. ಆದರೆ ರಾತ್ರಿಯೆಲ್ಲ ಕದಲದೆ ಮಲಗಿ ಎದ್ದಾಗ ಬಿಗಿದುಕೊಂಡಿದ್ದ ಮಂಡಿ ನಾಲ್ಕು ಹೆಜ್ಜೆ ಇಟ್ಟ ಮೇಲೆ ಸಡಿಲವಾಗುವುದನ್ನು ನೀವೂ ಗಮನಿಸಿರಬಹುದು.