ಹಲವು ವರ್ಷ ಪಾಪನಿವೇದನೆ ಮಾಡದವರು ಮತ್ತೆ ಹೇಗೆ ಹೋಗುವುದು? ದೇವರಿಗೆ ನೇರವಾಗಿ ಹೇಳಿಕೊಂಡರೆ ಸಾಲದೇ?

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಹುಟ್ಟಾ ಕಥೋಲಿಕರು, ಆದರೆ 12 ವರ್ಷದಿಂದ ಪಾಪನಿವೇದನೆ (ಗುರುಗಳ, ಅಂದರೆ ಪಾದ್ರಿಗಳ, ಮುಂದೆ ಪಾಪ ಹೇಳಿಕೊಂಡು ಕ್ಷಮೆ ಪಡೆಯುವ ಸಂಸ್ಕಾರ) ಮಾಡಿಲ್ಲ. ಭಾನುವಾರದ ಬಲಿಪೂಜೆಗೆ (ಮಾಸ್) ಆಗೀಗ ಹೋಗುತ್ತೀರಿ, ಪರಮಪ್ರಸಾದಕ್ಕೆ ಎಲ್ಲರೂ ಎದ್ದಾಗ ನೀವೊಬ್ಬರೇ ಕೂತಿರುತ್ತೀರಿ. ಮನಸ್ಸಿನಲ್ಲೇ ದೇವರ ಕ್ಷಮೆ ಕೇಳಿಯಾಗಿದೆ, ಮತ್ತೆ ಗುರುಗಳ ಮುಂದೆಯೂ ಹೇಳಲೇಬೇಕೇ? ಅವರೂ ನಮ್ಮಂಥ ಮನುಷ್ಯರೇ ಅಲ್ಲವೇ? ಕೇಳಿದ್ದನ್ನು ಇನ್ನೊಬ್ಬರಿಗೆ ಹೇಳಿಬಿಟ್ಟರೆ? ಎಲ್ಲ ನೆನಪೂ ಇಲ್ಲ. ನೆನಪಿರುವ ಒಂದು ತಪ್ಪನ್ನಂತೂ ಮತ್ತೆ ಮಾಡಿಯೇ ಮಾಡುತ್ತೇನೆ, ಹಾಗಿದ್ದ ಮೇಲೆ ಹೋಗುವುದೇ ಮೋಸವಲ್ಲವೇ? ಇದಿಷ್ಟು ನೀವು ಕೇಳಿದ್ದು.

ನಾನು ಗುರುವಲ್ಲ. ದೊಡ್ಡವರಾದ ಮೇಲೆ ಧರ್ಮಸಭೆಗೆ, ಅಂದರೆ ಕಥೋಲಿಕ ಚರ್ಚಿಗೆ, ಸೇರಲು ಬರುವವರಿಗೆ ಧರ್ಮೋಪದೇಶ ಹೇಳಿಕೊಡುವ ಒಬ್ಬ ಸಾಮಾನ್ಯ ವಿಶ್ವಾಸಿ. ಅದಕ್ಕಿಂತ ಮುಖ್ಯವಾಗಿ, ನಾನೂ 9 ವರ್ಷ ಹಾಗೆ ಬೆಂಚಿನಲ್ಲೇ ಕೂತಿದ್ದವನು. ಅದಕ್ಕೇ ಉತ್ತರ ಸ್ವಲ್ಪ ಉದ್ದವಾಗುತ್ತದೆ, ಸಹಿಸಿಕೊಳ್ಳಿ.

ಮೊದಲು ಒಂದು ಮಾತು. ನೀವು ಮನಸ್ಸಿನಲ್ಲಿ ಕೇಳಿದ ಕ್ಷಮೆ ದಂಡವಾಗಿಲ್ಲ. ದೇವರು ನೇರವಾಗಿ ಕೇಳಿಸಿಕೊಳ್ಳುವುದಿಲ್ಲ ಎಂದು ಧರ್ಮಸಭೆ ಎಂದೂ ಹೇಳಿಲ್ಲ. ಶಿಕ್ಷೆಯ ಭಯಕ್ಕಲ್ಲದೆ, ದೇವರ ಮೇಲಿನ ಪ್ರೀತಿಯಿಂದಲೇ ಹುಟ್ಟಿದ ಪಶ್ಚಾತ್ತಾಪ ಪಾಪನಿವೇದನೆಗೆ ಮೊದಲೇ ಮನುಷ್ಯನನ್ನು ದೇವರೊಂದಿಗೆ ಸೇರಿಸಬಲ್ಲದು ಎಂದು ಧರ್ಮಾಧ್ಯಕ್ಷರು (ಬಿಷಪ್ಪರು) ಸೇರಿದ್ದ ಟ್ರೆಂಟ್ ಮಹಾಸಭೆ 1551ರಲ್ಲೇ ಸ್ಪಷ್ಟವಾಗಿ ಹೇಳಿದೆ. ಆದರೆ ಅಂಥ ಪಶ್ಚಾತ್ತಾಪದೊಳಗೇ ಪಾಪನಿವೇದನೆಗೆ ಹೋಗಬೇಕೆಂಬ ಆಸೆಯೂ ಇರುತ್ತದೆ ಎಂದು ಅದೇ ಸಭೆ ಸೇರಿಸಿತು. ನಿಮಗೆ ಈ ಪ್ರಶ್ನೆ ಕೇಳಬೇಕು ಅನ್ನಿಸಿದೆಯಲ್ಲ, ನನ್ನ ಮಟ್ಟಿಗೆ ಆ ಆಸೆ ಅದೇ.

ಹಾಗಾದರೆ ಗುರುಗಳು ಏಕೆ? ಯೊವಾನ್ನರ ಶುಭಸಂದೇಶದ 20ನೆಯ ಅಧ್ಯಾಯ ತೆಗೆದು ನೋಡಿ. ಪುನರುತ್ಥಾನದ ದಿನ ಸಂಜೆ. ಶಿಷ್ಯರು ಹೆದರಿ ಬಾಗಿಲು ಹಾಕಿಕೊಂಡು ಕೂತಿದ್ದಾರೆ. ಯೇಸು ಬಂದು ನಡುವೆ ನಿಂತು, ಶಾಂತಿ ಎಂದು ಹೇಳಿ, ಅವರ ಮೇಲೆ ಉಸಿರೂದಿ, ನೀವು ಯಾರ ಪಾಪಗಳನ್ನು ಕ್ಷಮಿಸುತ್ತೀರೋ ಅವರಿಗೆ ಕ್ಷಮೆ, ಯಾರದ್ದನ್ನು ಉಳಿಸುತ್ತೀರೋ ಅವು ಉಳಿಯುತ್ತವೆ ಎನ್ನುತ್ತಾರೆ. ಮೂರೇ ದಿನದ ಹಿಂದೆ ಯೇಸುವನ್ನು ಬಿಟ್ಟು ಓಡಿಹೋಗಿದ್ದವರಿಗೇ ಈ ಅಧಿಕಾರ ಸಿಕ್ಕಿತು. ಕ್ಷಮಿಸುವುದೋ ಉಳಿಸುವುದೋ ತೀರ್ಮಾನಿಸಬೇಕಾದರೆ ಎದುರಿಗಿರುವವನು ಬಾಯಿಬಿಟ್ಟು ಹೇಳಬೇಕಲ್ಲವೇ? ಧರ್ಮಸಭೆ ಈ ಸಂಸ್ಕಾರವನ್ನು ಕಂಡುಕೊಂಡದ್ದು ಆ ಮಾತಿನಲ್ಲಿ. ಗುರುಗಳು ನಮ್ಮಂಥ ಮನುಷ್ಯರೇ ಎಂಬ ನಿಮ್ಮ ಮಾತು ನೂರಕ್ಕೆ ನೂರು ನಿಜ. ಅವರೂ ಇನ್ನೊಬ್ಬ ಗುರುಗಳ ಮುಂದೆ ಮೊಣಕಾಲೂರಬೇಕು, ತಮಗೆ ತಾವೇ ಕ್ಷಮೆ ಕೊಟ್ಟುಕೊಳ್ಳುವಂತಿಲ್ಲ. ಜಗದ್ಗುರುಗಳಿಗೂ, ಅಂದರೆ ಪೋಪರಿಗೂ, ಇದೇ ನಿಯಮ. 2014ರ ಮಾರ್ಚ್ 28ರಂದು ಸಂತ ಪೇತ್ರರ ಮಹಾದೇವಾಲಯದಲ್ಲಿ ಫ್ರಾನ್ಸಿಸ್ ಜಗದ್ಗುರುಗಳು ಜನರ ಪಾಪನಿವೇದನೆ ಕೇಳಲು ಹೋಗಬೇಕಾದವರು, ಮೊದಲು ಎಲ್ಲರೆದುರೇ ಸಾಮಾನ್ಯ ಗುರುಗಳೊಬ್ಬರ ಮುಂದೆ ಮೊಣಕಾಲೂರಿದರು. ಪಕ್ಕದಲ್ಲಿದ್ದವರಿಗೂ ಅದು ನಿರೀಕ್ಷೆಯಿರಲಿಲ್ಲ.

ಇದು ಧರ್ಮೋಪದೇಶದ ಉತ್ತರ. ನನಗೆ ಅರ್ಥವಾದದ್ದು ಮಾತ್ರ ಬೇರೆ ದಾರಿಯಲ್ಲಿ.

ಆ 9 ವರ್ಷವೂ ರಾತ್ರಿ ಮಲಗುವ ಮುನ್ನ ನಾನು ದೇವರಿಗೆ ನೇರವಾಗಿಯೇ ಹೇಳಿಕೊಳ್ಳುತ್ತಿದ್ದೆ. "ಸ್ವಾಮಿ, ಅಪ್ಪನ ವಿಷಯದಲ್ಲಿ ನಾನು ಇನ್ನೂ ಸ್ವಲ್ಪ ಚೆನ್ನಾಗಿ ನಡೆದುಕೊಳ್ಳಬಹುದಿತ್ತು." ಇದೇ ವಾಕ್ಯ, ಪ್ರತಿ ರಾತ್ರಿ. ಕೊನೆಗೆ ಹೋದ ದಿನ ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿದ್ದೆ. ಅದನ್ನು ಮಡಚಿ ಮಡಚಿ ಹೆಬ್ಬೆರಳಿನ ಉಗುರಿನಷ್ಟು ಮಾಡಿ ಅಂಗೈಯಲ್ಲಿ ಹಿಡಿದಿದ್ದೆ. ಪಾಪನಿವೇದನೆಯ ಪೀಠದೊಳಗೆ, ಗುರುಗಳಿಗೂ ನನಗೂ ನಡುವೆ ಜಾಲರಿಯಿದ್ದ ಆ ಪೆಟ್ಟಿಗೆಯಂಥ ಜಾಗದಲ್ಲಿ, ಮೊಣಕಾಲೂರಿದಾಗ ಅದು ಬೆವರಿಗೆ ಒದ್ದೆಯಾಗಿ ಬಿಚ್ಚಲು ಬರಲಿಲ್ಲ. ಚೀಟಿಯಲ್ಲಿದ್ದ ನಯವಾದ ವಾಕ್ಯ ಹೊರಡಲೇ ಇಲ್ಲ. ಜಾಲರಿಯ ಆಚೆ ಒಬ್ಬ ಮನುಷ್ಯ ತಲೆ ತಗ್ಗಿಸಿ ಕಿವಿಗೊಟ್ಟು ಕೂತಿದ್ದಾರೆ ಎಂದಾಗ ಬಾಯಿಂದ ಬಂದದ್ದು ಬೇರೆಯೇ: "ಅಪ್ಪ ಹಾಸಿಗೆ ಹಿಡಿದಿದ್ದರು. ನಾಲ್ಕು ಸಲ ಫೋನ್ ಮಾಡಿ ಕರೆದರು. ಕೆಲಸವಿದೆ ಅಂತ ಸುಳ್ಳು ಹೇಳಿದೆ. ಹೋಗಲಿಲ್ಲ."

ಅಷ್ಟೇ. ಹದಿನೈದು ಪದವೂ ಇರಲಿಲ್ಲ. ಮನಸ್ಸಿನಲ್ಲಿ ಹೇಳಿಕೊಳ್ಳುವಾಗ ವಾದಿ, ವಕೀಲ, ನ್ಯಾಯಾಧೀಶ ಎಲ್ಲ ನಾನೇ ಆಗಿದ್ದೆ, ಅದಕ್ಕೇ ವರ್ಷಗಟ್ಟಲೆ ಆ ತಪ್ಪಿಗೆ ಅದರ ಹೆಸರಿಡಲು ಆಗಿರಲಿಲ್ಲ. ಇನ್ನೊಬ್ಬರ ಕಿವಿಗೆ ಬೀಳುವಂತೆ ಹೇಳಬೇಕಾದಾಗ ತಾನಾಗಿ ಹೆಸರು ಬಂತು. ಗುರುಗಳು ಕೇಳಿದ್ದು ಒಂದೇ ಪ್ರಶ್ನೆ: "ಅಪ್ಪ ಇದ್ದಾರಾ?" ಇಲ್ಲ ಅಂದೆ. ಸ್ವಲ್ಪ ಹೊತ್ತು ಅವರೂ ಮಾತಾಡಲಿಲ್ಲ. ಆಮೇಲೆ, ಯಾರಾದರೂ ಹಾಸಿಗೆ ಹಿಡಿದವರ ಹತ್ತಿರ ಒಂದು ಗಂಟೆ ಕೂತು ಬನ್ನಿ, ಅದೇ ನಿಮ್ಮ ಪ್ರಾಯಶ್ಚಿತ್ತ ಎಂದರು. ಜಾಲರಿಯ ಆಚೆ ಅವರು ಕೈ ಎತ್ತಿದ ನೆರಳು ಕಂಡಿತು. ಪಿತ, ಸುತ, ಪವಿತ್ರಾತ್ಮರ ಹೆಸರಿನಲ್ಲಿ ನಿನ್ನ ಪಾಪಗಳನ್ನು ನಾನು ಕ್ಷಮಿಸುತ್ತೇನೆ ಎಂಬ ಮಾತು ಕೇಳಿಸಿತು. ಆ "ನಾನು" ಗುರುಗಳದಲ್ಲ, ಅವರ ಬಾಯಿಂದ ಬರುವ ಕ್ರಿಸ್ತರದು ಎಂದು ಪುಸ್ತಕದಲ್ಲಿ ಓದಿದ್ದೆ. ಆದರೆ ಕ್ಷಮೆ ಕೇಳುವುದಕ್ಕೂ, ಕ್ಷಮೆ ಸಿಕ್ಕಿತು ಎಂದು ಈ ಎರಡು ಕಿವಿಯಲ್ಲಿ ಕೇಳಿಸಿಕೊಳ್ಳುವುದಕ್ಕೂ ಎಷ್ಟು ವ್ಯತ್ಯಾಸ ಎಂಬುದು ಅವತ್ತೇ ತಿಳಿದದ್ದು. ಮನಸ್ಸಿನಲ್ಲಿ ಕೇಳಿದ್ದಕ್ಕೆ ಉತ್ತರ ಬಂತೋ ಇಲ್ಲವೋ ಎಂದು ಮರುದಿನ ಮತ್ತೆ ಕೇಳುತ್ತಿದ್ದೆ. ಅಂದಿನಿಂದ ಆ ವಾಕ್ಯವನ್ನು ನಾನು ರಾತ್ರಿ ಹೇಳಿಲ್ಲ.

(ಇದನ್ನೆಲ್ಲ ನಿಮಗೆ ಹೇಳಬಹುದೇ ಎಂದು ಅನುಮಾನ ಬೇಡ. ಗೌಪ್ಯದ ಕಟ್ಟು ಗುರುಗಳಿಗೆ, ನಿವೇದಿಸಿದವರಿಗಲ್ಲ.)

ಗೌಪ್ಯದ ಮಾತು ಬಂತಲ್ಲ, ನಿಮ್ಮ ದೊಡ್ಡ ಭಯ ಅದೇ ಅನ್ನಿಸಿತು. ಧರ್ಮಸಭೆಯ ಕಾನೂನಿನಲ್ಲಿ ಇಷ್ಟು ಗಟ್ಟಿಯಾದ ನಿಯಮಗಳು ಕಡಿಮೆ. 1983ರ ಧರ್ಮಸಭಾ ಕಾನೂನಿನ 983ನೆಯ ವಿಧಿಯ ಪ್ರಕಾರ ಮಾತಿನಿಂದಾಗಲಿ, ಸನ್ನೆಯಿಂದಾಗಲಿ, ಯಾವ ಕಾರಣಕ್ಕೇ ಆಗಲಿ ನಿವೇದಿಸಿದವರ ಗುಟ್ಟನ್ನು ಬಿಟ್ಟುಕೊಡುವಂತಿಲ್ಲ. ನೇರವಾಗಿ ಬಿಟ್ಟುಕೊಟ್ಟ ಗುರು ಆ ಕ್ಷಣಕ್ಕೇ ಬಹಿಷ್ಕೃತ, ಯಾರೂ ವಿಚಾರಣೆ ಮಾಡಿ ಘೋಷಿಸಬೇಕಾಗಿಲ್ಲ. ಮುಂದಿನ ವಿಧಿ ಇನ್ನೂ ಸೂಕ್ಷ್ಮ: ಕೇಳಿದ ವಿಷಯವನ್ನು ಹೊರಗೆ ಹೇಳದಿದ್ದರೂ ನಿಮಗೆ ತೊಂದರೆಯಾಗುವಂತೆ ಬಳಸುವಂತೆಯೇ ಇಲ್ಲ. ಭಾಷೆ ಬಾರದೆ ದುಭಾಷಿಯನ್ನು ಕೂರಿಸಿಕೊಂಡರೆ ಅವರಿಗೂ, ಹೊರಗೆ ನಿಂತಿದ್ದು ಅಕಸ್ಮಾತ್ ಕಿವಿಗೆ ಬಿದ್ದವರಿಗೂ ಬಾಯಿ ಬಿಡುವ ಹಕ್ಕಿಲ್ಲ. 1393ರಲ್ಲಿ ಪ್ರಾಗ್ ನಗರದಲ್ಲಿ ರಾಜನ ಆಜ್ಞೆಯಂತೆ ವಲ್ಟಾವಾ ನದಿಗೆ ಎಸೆಯಲ್ಪಟ್ಟ ನೆಪೊಮುಕ್‌ನ ಸಂತ ಜಾನ್ ರಾಣಿಯ ಪಾಪನಿವೇದನೆಯನ್ನು ಹೇಳಲು ಒಪ್ಪದೆ ಸತ್ತರು ಎಂಬುದು ಪರಂಪರೆಯ ಕಥೆ. ಮಠವೊಂದರ ನೇಮಕದ ಜಗಳ ಅದರ ಹಿಂದಿತ್ತು ಎನ್ನುತ್ತಾರೆ ಇತಿಹಾಸಕಾರರು. ಅದೇನೇ ಇರಲಿ, ಜನ ಅವರನ್ನು ನೆನೆಯುವುದು ಮುಚ್ಚಿದ ಬಾಯಿಗಾಗಿಯೇ.

ಇಷ್ಟಾದರೂ ಪರಿಚಯದವರ ಮುಂದೆ ಹೇಳಲು ನಾಚಿಕೆಯಾದರೆ ಪರಿಚಯವಿಲ್ಲದವರ ಹತ್ತಿರ ಹೋಗಿ. ಯಾರ ಹತ್ತಿರ ಹೋಗಬೇಕೆಂಬುದು ಪೂರ್ತಿ ನಿಮ್ಮ ಆಯ್ಕೆ, ಅದೂ ಕಾನೂನಿನಲ್ಲೇ ಇದೆ. ಜಾಲರಿಯ ಹಿಂದೆ ಮುಖ ತೋರಿಸದೆ ಹೇಳುವುದೂ ನಿಮ್ಮ ಹಕ್ಕು. ಆ ಪೆಟ್ಟಿಗೆಯಂಥ ಪೀಠ ನಾವಂದುಕೊಂಡಷ್ಟು ಹಳೆಯದಲ್ಲ. ಮೊದಲ ಶತಮಾನಗಳಲ್ಲಿ ಕೊಲೆ, ವ್ಯಭಿಚಾರ, ವಿಶ್ವಾಸದ್ರೋಹದಂಥ ಪಾಪಕ್ಕೆ ಎಲ್ಲರ ಕಣ್ಣೆದುರೇ ವರ್ಷಗಟ್ಟಲೆ ಪ್ರಾಯಶ್ಚಿತ್ತ ಮಾಡಬೇಕಿತ್ತು, ಅದೂ ಬದುಕಿನಲ್ಲಿ ಒಂದೇ ಸಲ. 6-7ನೆಯ ಶತಮಾನದ ಐರಿಷ್ ಸನ್ಯಾಸಿಗಳಿಂದ ಗುಟ್ಟಾಗಿ, ಬೇಕಾದಷ್ಟು ಸಲ ನಿವೇದಿಸುವ ರೂಢಿ ಹರಡಿತು. ವರ್ಷಕ್ಕೊಮ್ಮೆಯಾದರೂ ಹೋಗಬೇಕೆಂದು 1215ರ ನಾಲ್ಕನೆಯ ಲ್ಯಾಟರನ್ ಮಹಾಸಭೆ ವಿಧಿಸಿತು. ನಡುವೆ ಜಾಲರಿಯಿಟ್ಟ ಪೀಠವನ್ನು 16ನೆಯ ಶತಮಾನದಲ್ಲಿ ಮಿಲಾನಿನ ಧರ್ಮಾಧ್ಯಕ್ಷ ಸಂತ ಚಾರ್ಲ್ಸ್ ಬೊರೊಮಿಯೊ ಬಳಕೆಗೆ ತಂದರು. ಒಟ್ಟಿನಲ್ಲಿ ಬರುವವರ ಹೊರೆ ಇಳಿಯುತ್ತಾ ಬಂದದ್ದನ್ನು ನೋಡಿ. ಹೆದರಿಸುವ ಹಾಗೆ ಕಾಣುವ ಆ ಕತ್ತಲೆ ಮೂಲೆ ನಿಮ್ಮ ಮಾನ ಕಾಯಲೆಂದೇ ಇರುವುದು.

ಎಲ್ಲ ನೆನಪಿಲ್ಲ ಎಂದಿರಿ. ಯಾರಿಗೂ ಇರುವುದಿಲ್ಲ. ಹೇಳಲೇಬೇಕಾದದ್ದು ಗಂಭೀರ ಪಾಪಗಳನ್ನು, ಅಂದರೆ ದೊಡ್ಡ ತಪ್ಪೆಂದು ಗೊತ್ತಿದ್ದೂ ಮನಸಾರೆ ಒಪ್ಪಿ ಮಾಡಿದವನ್ನು. ಏನು ಮಾಡಿದೆ, ಸುಮಾರು ಎಷ್ಟು ಸಲ, ಇಷ್ಟು ಸಾಕು. "ಎರಡು ವರ್ಷ, ಹೆಚ್ಚುಕಡಿಮೆ ಪ್ರತಿ ವಾರ" ಎಂದರೂ ಆಯಿತು. ನಿಜವಾಗಿ ಮರೆತುಹೋದದ್ದು ಉಳಿದವುಗಳ ಜೊತೆಗೇ ಕ್ಷಮೆಯಾಗುತ್ತದೆ. ಮುಂದೆ ನೆನಪಾದರೆ ಮುಂದಿನ ಸಲ ಹೇಳಿದರಾಯಿತು. ಬೇಕೆಂದೇ ಒಂದನ್ನು ಬಚ್ಚಿಡುವುದು ಮಾತ್ರ ಬೇಡ, ಆಗ ಇಡೀ ನಿವೇದನೆಯೇ ಕೆಟ್ಟುಹೋಗುತ್ತದೆ. ಇನ್ನೊಂದು ಗುಟ್ಟು ಹೇಳುತ್ತೇನೆ. ಪಾಪವನ್ನು ಹೇಳಿ, ಪಾಪದ ಕಥೆ ಬೇಡ. ಅವರು ಹಾಗಂದರು ಅದಕ್ಕೆ ನಾನು ಹೀಗೆ ಮಾಡಿದೆ ಎಂದು ಶುರುವಾದರೆ ಅರ್ಧ ಹೊತ್ತು ಬೇರೆಯವರ ಪಾಪವನ್ನೇ ನಿವೇದಿಸಿ ಎದ್ದು ಬರುತ್ತೇವೆ. ಹಣ ಕದ್ದಿದ್ದರೆ ಹಿಂದಿರುಗಿಸಬೇಕು, ಒಬ್ಬರ ಹೆಸರು ಕೆಡಿಸಿದ್ದರೆ ಕೈಲಾದಷ್ಟು ಸರಿಪಡಿಸಬೇಕು, ಅದು ಕ್ಷಮೆಯ ಜೊತೆಗೇ ಬರುವ ಕೆಲಸ.

ಮತ್ತೆ ಮಾಡುತ್ತೇನಲ್ಲ ಎಂಬ ನಿಮ್ಮ ಕೊನೆಯ ಮಾತೇ ನನ್ನನ್ನು ಹೆಚ್ಚು ತಟ್ಟಿದ್ದು. ಇದು ಪ್ರಾಮಾಣಿಕರಿಗೆ ಮಾತ್ರ ಬರುವ ಸಂಕಟ. ಧರ್ಮಸಭೆ ಕೇಳುವುದು ಮತ್ತೆ ಮಾಡಬಾರದೆಂಬ ಮನಸ್ಸನ್ನು, ಖಂಡಿತ ಮಾಡುವುದಿಲ್ಲವೆಂಬ ಭವಿಷ್ಯವನ್ನಲ್ಲ. ಬಿಡುವ ಮನಸ್ಸೇ ಇಲ್ಲದೆ ಹೋದರೆ ಅದು ಮೋಸ. ಬಿಡಬೇಕೆಂದಿದೆ, ಬೀಳುತ್ತೇನೆಂಬ ಹೆದರಿಕೆಯೂ ಇದೆ ಎಂದರೆ ಅದು ಮೋಸವಲ್ಲ, ಕಾಯಿಲೆಯವನು ವೈದ್ಯರಿಗೆ ಇದ್ದದ್ದನ್ನು ಇದ್ದಹಾಗೆ ಹೇಳಿದಂತೆ. ಆ ಹೆದರಿಕೆಯನ್ನೂ ಗುರುಗಳಿಗೆ ಹೇಳಿ. ಎಷ್ಟು ಸಲ ಕ್ಷಮಿಸಬೇಕು, ಏಳು ಸಲವೇ ಎಂದು ಕೇಳಿದ ಶಿಷ್ಯ ಪೇತ್ರರಿಗೆ ಎಪ್ಪತ್ತೇಳು ಸಲ ಎಂದ ಯೇಸು, ತಾವು ಕ್ಷಮಿಸುವಾಗ ಲೆಕ್ಕ ಹಿಡಿದು ಕೂರುತ್ತಾರೆಯೇ?

ಒಂದು ವಿಷಯವನ್ನು ಮುಚ್ಚಿಡಲಾರೆ. ನಾನು 9 ವರ್ಷ ದೂರವಿದ್ದದ್ದಕ್ಕೆ ಒಂದು ಕಾರಣ, ಅದಕ್ಕೆ ಮುಂಚೆ ಒಬ್ಬ ಗುರುಗಳು ನಿವೇದನೆಯ ನಡುವೆಯೇ ಗದರಿದ್ದು. ಅವರ ತಪ್ಪು ಅವರದು, ಅದನ್ನು ನೆಪ ಮಾಡಿಕೊಂಡು 9 ವರ್ಷ ಕಳೆದದ್ದು ನನ್ನದು. ನಿಮಗೂ ಅಂಥ ಅನುಭವ ಆಗಿದ್ದರೆ, ಆಗಬಾರದಿತ್ತು. ಇನ್ನೊಬ್ಬರ ಹತ್ತಿರ ಹೋಗಿ.

ಆಸ್ತಿಯನ್ನೆಲ್ಲ ಹಾಳುಮಾಡಿ ಮನೆಗೆ ಮರಳುವ ದುಂದುಗಾರ ಮಗನ ಬಗ್ಗೆ ಯೇಸು ಹೇಳಿದ ಸಾಮತಿಯಲ್ಲಿ (ದೃಷ್ಟಾಂತ ಕಥೆಯಲ್ಲಿ) ನನಗೆ ತುಂಬ ದಿನ ಕಣ್ಣಿಗೆ ಬೀಳದಿದ್ದ ಒಂದು ಸಂಗತಿಯಿದೆ. ಮಗ ಹಂದಿಗಳ ನಡುವೆ ಕೂತು ಅಪ್ಪನಿಗೆ ಹೇಳಬೇಕಾದ ಮಾತನ್ನು ತಯಾರು ಮಾಡಿಕೊಳ್ಳುತ್ತಾನೆ. ಅದರ ಕೊನೆಯ ವಾಕ್ಯ, ನನ್ನನ್ನು ನಿಮ್ಮ ಆಳುಗಳಲ್ಲಿ ಒಬ್ಬನನ್ನಾಗಿ ಇಟ್ಟುಕೊಳ್ಳಿ ಎಂಬುದು. ಮನೆ ಹತ್ತಿರ ಬಂದಾಗ ಪಾಪ ಮಾಡಿದೆ, ಮಗನೆನಿಸಿಕೊಳ್ಳಲು ಯೋಗ್ಯನಲ್ಲ ಎನ್ನುವವರೆಗೆ ಹೇಳುತ್ತಾನೆ. ಆಳಿನ ವಾಕ್ಯ ಬರುವುದೇ ಇಲ್ಲ. ಅಷ್ಟರಲ್ಲಿ ಅಪ್ಪ ಅಂಗಿ ತನ್ನಿ, ಉಂಗುರ ತನ್ನಿ ಎಂದು ಕೂಗಿಯಾಗಿದೆ. ಚೀಟಿ ಬರೆದುಕೊಂಡು ಹೋದ ನನಗೆ ಇದು ಗೊತ್ತಿರಬೇಕಿತ್ತು.

ಕ್ರಮ ಮರೆತಿದೆ ಎಂದು ನಿಲ್ಲಬೇಡಿ. ಹೋಗುವ ಮುನ್ನ ಹತ್ತು ನಿಮಿಷ ಸುಮ್ಮನೆ ಕೂತು ನೆನಪು ಮಾಡಿಕೊಳ್ಳಿ. ಎಷ್ಟೋ ದೇವಾಲಯಗಳಲ್ಲಿ ಬಲಿಪೂಜೆಗೆ ಮುಂಚೆ ಗುರುಗಳು ಕೂತಿರುತ್ತಾರೆ. ಸಾಲು ಉದ್ದವಿದ್ದರೆ, ಹಿಂದಿರುವವರನ್ನು ಕಾಯಿಸುವ ಮುಜುಗರ ಬೇಡವೆಂದರೆ, ಬೇರೆ ಹೊತ್ತಿನಲ್ಲಿ ಸಮಯ ಕೇಳಿ. ಫೋನಿನಲ್ಲಿ ಸಮಯ ಕೇಳಬಹುದು, ನಿವೇದನೆ ಮಾತ್ರ ಫೋನಿನಲ್ಲಿ ಆಗುವುದಿಲ್ಲ. ಪಶ್ಚಾತ್ತಾಪದ ಪ್ರಾರ್ಥನೆ ಬಾಯಿಗೆ ಬಾರದಿದ್ದರೆ ಅವರು ಹೇಳಿಕೊಡುತ್ತಾರೆ. ಒಳಗೆ ಹೋಗಿ ಶಿಲುಬೆಯ ಗುರುತು ಹಾಕಿಕೊಂಡು ಇಷ್ಟು ಹೇಳಿ: "ಫಾದರ್, 12 ವರ್ಷವಾಯಿತು. ಹೇಗೆ ಶುರು ಮಾಡಬೇಕೋ ಗೊತ್ತಾಗುತ್ತಿಲ್ಲ." ಅಲ್ಲಿಂದ ಮುಂದೆ ಕೈಹಿಡಿದು ನಡೆಸುವ ಕೆಲಸ ಅವರದು.